ಹೊಗೆಗೂ ಕೆಲಸ ಕೊಟ್ಟ ಅಂದಾನಪ್ಪ

ದಾಸನಕೊಪ್ಪದಲ್ಲಿ ಹಳೆಯ ಗೋಣಿಚೀಲದ ವ್ಯಾಪಾರ ಮಾಡುವ ಅಂದಾನಪ್ಪನಿಗೆ ಯಾವುದೇ ವಸ್ತು ಸುಮ್ಮನೆ ಹಾಳಾಗುವುದನ್ನು ಕಂಡರೆ ತಡೆಯಲಾಗುತ್ತಿರಲಿಲ್ಲ. ಇದು ಜಿಪುಣತನವಲ್ಲ ಎಂದು ಅವನು ಹೇಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಗೀತಾ ಈ ಮಾತಿಗೆ ತಲೆಯಾಡಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಹರಿದ ಚೀಲಗಳನ್ನು ಅಗ್ಗಕ್ಕೆ ಕೊಳ್ಳುವುದು, ದಬ್ಬಣದಲ್ಲಿ ಹೊಲಿದು ತೇಪೆ ಹಾಕುವುದು, ಭತ್ತ, ಗೋವಿನಜೋಳದ ಕಾಲದಲ್ಲಿ ರೈತರಿಗೆ ಮಾರುವುದು, ಇದು ಅವನ ಕಸುಬು. ಯಾರಾದರೂ ಬಿಸಾಡಿದ್ದರಲ್ಲೇ ಅವನ ಅನ್ನವಿತ್ತು. ಹಾಗಾಗಿ ಆ ಕಣ್ಣು ಅಂಗಡಿ ಮುಚ್ಚಿದ ಮೇಲೂ ಮುಚ್ಚುತ್ತಿರಲಿಲ್ಲ. ಮದುವೆಮನೆಯಲ್ಲಿ ಕಿತ್ತೆಸೆದ ಹಾರಗಳ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಶಿರಸಿಯಿಂದ ಕಾರಿನಲ್ಲಿ ಬಂದು ಇಳಿದ ಕೂಡಲೇ ಗೀತಾಳನ್ನು ಕೂಗುತ್ತಿದ್ದ: "ಸಂಡಿಗಿ ತಟ್ಟಿ ತಗೊಂಡ್ ಬಾ, ಬಾನೆಟ್ ಇನ್ನೂ ಬಿಸಿ ಐತಿ!"

ಆ ಕಾರು ಕೆನೆಬಣ್ಣದ ಹಳೆಯ ಮಾರುತಿ. ನಿವೃತ್ತ ಹೆಡ್‌ಮಾಸ್ತರರೊಬ್ಬರಿಂದ ಕೊಂಡದ್ದು. ಅದನ್ನು ಅವನು ಓಡಿಸುವ ರೀತಿಯೇ ಬೇರೆ. ದಾಸನಕೊಪ್ಪದ ಬಸ್ ನಿಲ್ದಾಣದ ಹತ್ತಿರ ಎಂಜಿನ್ ಆರಿಸಿ ಕಾಯುವುದು, ಶಿರಸಿ ಕಡೆಗೆ ಬಸ್ಸೊಂದು ಬಂದರೆ ಅದರ ಬೆನ್ನಿಗೆ ಅಂಟಿಕೊಂಡು ಹೊರಡುವುದು. "ಮುಂದ ಬಸ್ ಗಾಳಿ ಸೀಳಿ ಕೊಡ್ತೈತಿ, ನಮ್ಮ ಕಾರಿಗೆ ಶ್ರಮ ಇಲ್ಲ" ಎನ್ನುತ್ತಿದ್ದ. ಬಸ್ಸು ಊರೂರಿಗೆ ನಿಂತರೆ ಇವನೂ ನಿಲ್ಲುತ್ತಿದ್ದ. ಎಷ್ಟೋ ಸಲ ಹಿಂದಿನ ಬಾಗಿಲಿನಿಂದ ಇಳಿದವರು ಬಾಡಿಗೆ ಕಾರು ಎಂದುಕೊಂಡು ಇವನ ಕಿಟಕಿಗೆ ಬಂದು ರೇಟು ಕೇಳಿದ್ದುಂಟು.

ಇಂಥ ಮನುಷ್ಯನ ತಲೆಗೆ ಟರ್ಬೊ ಹೊಕ್ಕದ್ದು ಒಬ್ಬ ಲಾರಿ ಡ್ರೈವರನಿಂದ. ಹಾವೇರಿಯ ಲಾರಿಗೆ ಚೀಲದ ಕಟ್ಟುಗಳನ್ನು ಏರಿಸಿ ಮುಗಿದಿತ್ತು. ಡ್ರೈವರ್ ಎಂಜಿನ್ ಶುರು ಮಾಡಿ ಆಕ್ಸಿಲರೇಟರನ್ನು ಒಮ್ಮೆ ಒತ್ತಿದಾಗ ಒಳಗಿನಿಂದ ಸಣ್ಣಗೆ ಶಿಳ್ಳೆ ಕೇಳಿಸಿತು.

"ಅದೇನ್ ಶಿಳ್ಳಿ?" ಎಂದು ಅಂದಾನಪ್ಪ ಕೇಳಿದ.

"ಟರ್ಬೊ ರೀ. ಎಂಜಿನ್ನಿನ ಹೊಗಿ ಹೊರಗ ಹೋಗೂಮುಂದ ಒಂದು ಫ್ಯಾನ್ ತಿರುಗಸ್ತೈತಿ. ಆ ಫ್ಯಾನಿನ ಜೊತಿ ಇನ್ನೊಂದು ಫ್ಯಾನ್ ತಿರುಗಿ ಎಂಜಿನ್ನಿಗೆ ಗಾಳಿ ತುಂಬತೈತಿ. ಗಾಳಿ ಹೆಚ್ಚಾದ್ರ ಶಕ್ತಿ ಹೆಚ್ಚು."

"ಅಂದ್ರ, ಹೊರಗ ಹೋಗೋ ಹೊಗಿನ ಹಿಡದು ದುಡಸ್ತಾರ?"

"ಹಂಗ ಅನ್ರಿ."

"ಪುಕ್ಕಟ?"

"ಹೊಗಿಗೆ ಯಾರ್ ಪಗಾರ ಕೊಡ್ತಾರ್ರೀ" ಎಂದು ಡ್ರೈವರ್ ನಕ್ಕು, ತಾನು ಏನು ಮಾಡಿದೆ ಎಂಬುದರ ಅರಿವಿಲ್ಲದೆ ಹೊರಟುಹೋದ.

ಆ ಮಧ್ಯಾಹ್ನ ಗೀತಾ ಊಟಕ್ಕೆ ಕರೆಯಲು ಹೊರಗೆ ಬಂದಾಗ ಗಂಡ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎಂಜಿನ್ ಓಡುತ್ತಿತ್ತು. ಅವನು ಹೊಗೆ ಕೊಳವೆಯ ಬಾಯಿಗೆ ಅಂಗೈ ಹಿಡಿದಿದ್ದ.

"ಏನ್ ಮಾಡಾಕತ್ತೀರಿ ಅಲ್ಲಿ?"

"ಎಷ್ಟು ಬಿಸಿ ಗಾಳಿ ಹೋಗಾಕತ್ತೈತಿ ನೋಡಿಲ್ಲಿ. ಇಷ್ಟು ವರ್ಷ ಹಿಂಗ ಹೋಗೇತಿ. ನಮ್ಮ ಪೆಟ್ರೋಲು!"

"ಎಂಜಿನ್ ಬಂದ್ ಮಾಡ್ರಿ, ಹೋಗೂದಿಲ್ಲ."

ಅವನು ಎಂಜಿನ್ ನಿಲ್ಲಿಸಿದ. ಆದರೆ ಊಟಕ್ಕೆ ಕೂತಾಗಲೂ ಅಂಗೈಯನ್ನು ಆಗಾಗ ನೋಡಿಕೊಳ್ಳುತ್ತಿದ್ದ.

ಮುಂದಿನ ದಿನಗಳಲ್ಲಿ ಅಂದಾನಪ್ಪ ಮೊಬೈಲಿನಲ್ಲಿ ಟರ್ಬೊ ಕೂರಿಸುವ ವಿಡಿಯೊಗಳನ್ನು ನೋಡತೊಡಗಿದ. ಭಾಷೆ ಗೊತ್ತಾಗದಿದ್ದರೂ ಕೈಗಳು ಏನು ಮಾಡುತ್ತಿವೆ ಎಂಬುದು ಅವನಿಗೆ ಗೊತ್ತಾಗುತ್ತಿತ್ತು. ಒಂದು ಸಂತೆಯ ದಿನ ಶಿರಸಿಗೆ ಹೋದವನು ಗುಜರಿ ಅಂಗಡಿಯಿಂದ, ಅಪಘಾತವಾದ ಸಣ್ಣ ಡೀಸೆಲ್ ಕಾರಿನದೊಂದು ಟರ್ಬೊವನ್ನು ಚೀಲದಲ್ಲಿ ಸುತ್ತಿಕೊಂಡು ಬಂದ. ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು. ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಂತಿತ್ತು.

"ಇದೇನ್ರೀ, ಎರಡು ಬಸವನಹುಳ ಇದ್ದಂಗ ಐತಿ. ಇದನ್ನ ಹಚ್ಚಿದ್ರ ಕಾರು ಜೋರು ಹೋಗತೈತೇನು?" ಎಂದು ಗೀತಾ ಕೇಳಿದಳು.

"ಜೋರು ಯಾಕ ಬೇಕು ನಮಗ? ಅದ ಪೆಟ್ರೋಲಿನಾಗ ಹೆಚ್ಚು ದೂರ ಹೋಗತೈತಿ. ನಿನಗ ತಿಳಿಯೂದಿಲ್ಲ ಬಿಡು."

ಅವಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಇಡ್ಲಿ ಪಾತ್ರೆಯಲ್ಲಿ ಡೀಸೆಲ್ ಹಾಕಿ ಆ ಬಸವನಹುಳವನ್ನು ನೆನೆಯಿಡಲಾಗಿತ್ತು. ಗೀತಾ ಆ ದಿನವೇ ಶಿರಸಿಗೆ ಹೋಗಿ ಹೊಸ ಇಡ್ಲಿ ಪಾತ್ರೆ ತಂದಳು. ಹೋದದ್ದು ಬಸ್ಸಿನಲ್ಲಿ, ಬಂದದ್ದು ಆಟೊದಲ್ಲಿ. ಆಟೊ ಮನೆಯ ಮುಂದೆ ನಿಂತಾಗ ಅಂದಾನಪ್ಪನ ಮುಖ ನೋಡುವಂತಿತ್ತು.

ಕಬ್ಬಿಣದ ಕೆಲಸಕ್ಕೆ ಅವನು ಹಿಡಿದದ್ದು ಸುಭಾಷನನ್ನು. ಸುಭಾಷ ಊರಿನ ವೆಲ್ಡರ್. ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕಟಕಟೆ ಮಾಡುವವನು. ಎಂಜಿನ್ನಿನ ಹೊಗೆಯೆಲ್ಲ ಒಂದೆಡೆ ಕೂಡಿ ಟರ್ಬೊದೊಳಕ್ಕೆ ಹೋಗುವಂಥ ಕೊಳವೆ ಬೇಕು ಎಂದು ಅಂದಾನಪ್ಪ ನೆಲದ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದ. ಸುಭಾಷ ಬಹಳ ಹೊತ್ತು ನೋಡಿ, "ಆತು ಕಾಕಾ, ಡಿಸೈನ್ ಯಾವುದು ಹಾಕ್ಲಿ?" ಎಂದ.

"ಡಿಸೈನ್ ಏನ್ ಬ್ಯಾಡ. ತೂತು ಇರಬಾರದು, ಅಷ್ಟ."

ಕೆಲಸ ನಡೆದದ್ದು ಹಿತ್ತಲಿನ ಶೆಡ್ಡಿನಲ್ಲಿ. ಕಾರು ನಡುವೆ, ಸುತ್ತಲೂ ಸೂರಿನ ತನಕ ಗೋಣಿಚೀಲ. ಇಲ್ಲಿ ವೆಲ್ಡಿಂಗ್ ಮಾಡಬಾರದು ಎಂದು ಗೀತಾ ಮೊದಲೇ ಹೇಳಿದ್ದಳು. ಹೊರಗೆ ಮಾಡಿದರೆ ಉದ್ದದ ವೈರು ಬೇಕು, ಮನೆಯಲ್ಲಿರುವುದು ಗಿಡ್ಡದು, ಹೊಸದು ಯಾಕೆ ತರಬೇಕು ಎಂಬುದು ಅಂದಾನಪ್ಪನ ವಾದ. ಸುಭಾಷ ವೆಲ್ಡಿಂಗ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಒಂದು ಕಿಡಿ ಹಾರಿ ಚೀಲದ ರಾಶಿಯ ಮೇಲೆ ಕೂತಿತು. ಗಂಡಸರಿಬ್ಬರೂ ಕಣ್ಣಿಗೆ ಕಪ್ಪು ಗಾಜು ಕಟ್ಟಿಕೊಂಡಿದ್ದರಿಂದ ಅವರಿಗೆ ಕಾಣಲಿಲ್ಲ. ಅವರಿಗೆಂದು ಮಜ್ಜಿಗೆ ತಂದಿದ್ದ ಗೀತಾಳಿಗೆ ಕಂಡಿತು. ಪಾತ್ರೆ ಪೂರ್ತಿ ಸುರಿದಳು. ಚುಯ್ ಎಂದು ಬೆಂಕಿ ಆರಿತು, ಶೆಡ್ಡೆಲ್ಲ ಒಗ್ಗರಣೆಯ ವಾಸನೆ.

"ಅಯ್ಯ, ಅಷ್ಟೂ ಸುರುವಿಬಿಟ್ಟಿ?" ಎಂದ ಅಂದಾನಪ್ಪ.

ಸುಭಾಷ ತನ್ನ ವೆಲ್ಡಿಂಗ್ ಮೆಶಿನ್ನನ್ನು ಎತ್ತಿ ಅಂಗಳಕ್ಕೆ ತಂದ. ಗೀತಾ ಪಕ್ಕದ ಮನೆಯಿಂದ ವೈರು ಇಸಿದುಕೊಂಡು ಬಂದಳು. ಉಳಿದ ಕೆಲಸ ಬಯಲಿನಲ್ಲೇ ಆಯಿತು.

ಕೊಳವೆ ಬಹಳ ಗಟ್ಟಿಯಾಗಿ ಬಂತು. ಆದರೆ ಕೈ ಸುಮ್ಮನಿರದೆ ಸುಭಾಷ ಅದರ ಮೇಲೊಂದು ಕಬ್ಬಿಣದ ಕಮಲವನ್ನು ಕೂರಿಸಿ, ಗೇಟಿಗೆ ಬಳಿಯುವ ಬೆಳ್ಳಿಬಣ್ಣ ಹಚ್ಚಿದ್ದ. ಬಾನೆಟ್ ತೆರೆದರೆ ಯಾರದೋ ಬಂಗಲೆಯ ಬಾಗಿಲು ಕಂಡಂತಾಗುತ್ತಿತ್ತು.

ಶುರು ಮಾಡುವ ದಿನ ಅಂದಾನಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಾರಿಗೂ ಹಚ್ಚಿದ. ಕೀಲಿ ತಿರುಗಿಸಿದ. ಎಂಜಿನ್ ಹಿಡಿಯಿತು. ಮೆಲ್ಲಗೆ ಒತ್ತಿದರೆ ಒಳಗಿನಿಂದ ಶಿಳ್ಳೆ, ಲಾರಿಯದಕ್ಕಿಂತ ಸಣ್ಣದು, ಗಿಣಿಮರಿಯಂಥದು. ಅವನ ಕಣ್ಣು ಒದ್ದೆಯಾಯಿತು. ಆಮೇಲೆ ಗೀತಾಳ ಕಣ್ಣೂ ಒದ್ದೆಯಾಯಿತು, ಆಮೇಲೆ ಸುಭಾಷನದೂ. ಯಾಕೆಂದರೆ ಹಿಂದಿನ ಕೊಳವೆಯಿಂದ ನೀಲಿಬಿಳಿ ಹೊಗೆ ಮೋಡದಂತೆ ಎದ್ದು, ಅಂಗಳ ತುಂಬಿ, ಗೋಡೆ ದಾಟಿ ಬೀದಿಗೆ ಇಳಿದಿತ್ತು.

"ರಸ್ತಾದ ಮ್ಯಾಲ ಒಂದ್ ಸುತ್ತು ಓಡಿಸಿದ್ರ ಸರಿ ಹೋಗಬಹುದು" ಎಂದು ಸುಭಾಷ ಕೆಮ್ಮುತ್ತಲೇ ಹೇಳಿದ. ಅಂದಾನಪ್ಪ ಕಾರನ್ನು ಹೊರಗೆ ತಂದ. ಬೀದಿಯ ಹೆಂಗಸರು ಗಡಿಬಿಡಿಯಿಂದ ನೀರಿನ ಕೊಡ ಮುಚ್ಚಿದರು, ಹಾಸಿಗೆ ಬಟ್ಟೆ ಒಳಗೆಳೆದುಕೊಂಡರು. ಅಂಗಡಿಯವರು ಡಬ್ಬಿಗಳ ಮುಚ್ಚಳ ಬಿಗಿಮಾಡಿದರು. ಕೊನೆಯ ಮನೆಯ ದುರ್ಗಮ್ಮ ಮಾತ್ರ ಸೆರಗನ್ನು ಮೂಗಿಗೆ ಹಿಡಿದು ರಸ್ತೆಯ ನಡುವೆ ಬಂದು ನಿಂತು ಕಾರನ್ನು ತಡೆದಳು.

"ಪಂಚಾಯ್ತಿಯವರು ಸೊಳ್ಳಿ ಹೊಗಿ ಬಿಡಾಕ ನಿಮಗ ಕೊಟ್ಟಾರೇನ್ರಿ? ಚಲೋ ಆತು. ನಮ್ಮ ಗಟಾರದ ಕಡೆ ಯಾರೂ ಬರೂದ ಇಲ್ಲ. ಒಂದೀಟು ಆ ಕಡೆನೂ ಬರ್ರಿ!"

ಅಂದಾನಪ್ಪ ವಿವರಿಸಲು ಬಾಯಿ ತೆರೆದ. ಆದರೆ ಹೊಗೆ ಹೇಗೂ ಬರುತ್ತಲೇ ಇತ್ತು. ಸುಮ್ಮನೆ ಹೋಗುವುದು ಒಬ್ಬರಿಗಾದರೂ ಉಪಯೋಗಕ್ಕೆ ಬಂದರೆ ಬೇಡವೆನ್ನಲು ಅವನಿಂದ ಆಗಲಿಲ್ಲ. ಕಾರನ್ನು ದುರ್ಗಮ್ಮನ ಓಣಿಗೆ ತಿರುಗಿಸಿ, ಗಟಾರದ ಉದ್ದಕ್ಕೂ ಹಿಮ್ಮುಖವಾಗಿ ಓಡಿಸಿದ. ಆ ವಾರ ಆ ಓಣಿಯಲ್ಲಿ ಸೊಳ್ಳೆ ಕಡಿಮೆಯಾಗಿದ್ದವು ಎಂದು ದುರ್ಗಮ್ಮ ಈಗಲೂ ಹೇಳುತ್ತಾಳೆ.

ಎಂಜಿನ್ ಆಯಿಲ್ ಮಾತ್ರ ತಳ ಕಂಡಿತ್ತು. ಕೊನೆಗೆ ಟೆಂಪೊ ಹಿಂದೆ ಹಗ್ಗ ಕಟ್ಟಿ ಕಾರನ್ನು ಶಿರಸಿಯ ಮೆಕ್ಯಾನಿಕ್ ವಿಶ್ವೇಶ್ವರನ ಬಳಿಗೆ ತಂದರು. ಅವನು ಬಾನೆಟ್ ಎತ್ತಿ, ಕಮಲವನ್ನು ನೋಡಿ, ಬಾನೆಟ್ ಇಳಿಸಿದ.

"ಎಂತ ಮಾರಾಯ್ರೆ ಇದು? ದೇವಸ್ಥಾನದ್ದ?"

"ಟರ್ಬೊ ರೀ. ಮನ್ಯಾಗ ಮಾಡಿದ್ದು."

"ನಾ ಇದನ್ನ ಮುಟ್ಟೂದಿಲ್ಲ. ಆರ್‌ಟಿಓದವರು ಕಂಡ್ರೆ ನಿಮ್ಮನ್ನೂ ಕೇಳ್ತಾರೆ, ನನ್ನನ್ನೂ ಕೇಳ್ತಾರೆ." ಹೀಗೆಂದವನು ಚಹಾ ಕುಡಿಯಲು ಹೋದ. ಅರ್ಧ ಲೋಟ ಕುಡಿದು ವಾಪಸು ಬಂದು, ಸುಮ್ಮನೆ ನೋಡುವುದಕ್ಕೆಂದು ಕಾರಿನ ಅಡಿಗೆ ಮಲಗಿದ. ಅಲ್ಲಿಂದಲೇ ಅವನ ದನಿ ಕೇಳಿಸಿತು: "ಎಣ್ಣೆ ಟರ್ಬೊ ಒಳಗೆ ನೂಕ್ಕೊಂಡು ಬರ್ತದೆ, ಸರಿ. ಹೊರಗೆ ಹೋಗ್ಲಿಕ್ಕೆ ಇಷ್ಟು ಸಪೂರ ಪೈಪ್ ಇಟ್ಟಿದೀರಲ್ಲ? ಅದಕ್ಕೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳೀಬೇಕು. ಜಾಗ ಇಲ್ಲದೆ ಎಂಜಿನ್ನಿಗೆ ನುಗ್ತಾ ಉಂಟು."

ಆ ಸಪೂರ ಪೈಪು ಬೆಳೆಗೆ ಔಷಧಿ ಹೊಡೆಯುವ ಹಳೆಯ ಪಂಪಿನದು. ಮನೆಯಲ್ಲಿ ಬಿದ್ದಿತ್ತು, ಅದಕ್ಕೇ ಹಾಕಿದ್ದು ಎಂದು ಅಂದಾನಪ್ಪ ಒಪ್ಪಿಕೊಂಡ. ದಪ್ಪ ಪೈಪು ಬಂತು. ಗಾಳಿಯ ಒತ್ತಡ ಹೆಚ್ಚಾದಾಗ ಎಂಜಿನ್ ಒಳಗೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದಾಗುತ್ತಿತ್ತು. ವಿಶ್ವೇಶ್ವರ ಒತ್ತಡ ತಗ್ಗಿಸಿ, ಒಳಗೆ ಪೆಟ್ರೋಲಿಗೆ ಕಿಡಿ ತಗಲುವ ಹೊತ್ತನ್ನು ತುಸು ತಡವಾಗಿಸಿದ. ಇಷ್ಟೆಲ್ಲ ಮಾಡಿದ ಮೇಲೂ ತಾನು ಇದನ್ನು ಮುಟ್ಟಿಲ್ಲ ಎಂದೇ ಎಲ್ಲರಿಗೂ ಹೇಳುತ್ತಿದ್ದ.

ಅಂದಾನಪ್ಪನ ಮಗಳು ಸ್ಫೂರ್ತಿಯನ್ನು ಯಲ್ಲಾಪುರಕ್ಕೆ ಕೊಟ್ಟಿದ್ದರು. ಅವಳ ಅತ್ತೆ ಗೌರಕ್ಕ ಬಟ್ಟೆ ಅಂಗಡಿಯ ಒಡತಿ, ದೊಡ್ಡ ದನಿಯ ಹೆಂಗಸು. ಮೊಮ್ಮಗ ಮಾತು ಕಲಿಯಲು ತಡಮಾಡಿದಾಗ ಚಂದಗುಳಿಯ ಘಂಟಿ ಗಣೇಶನಿಗೆ ಗಂಟೆ ಕಟ್ಟುವುದಾಗಿ ಹೇಳಿಕೊಂಡಿದ್ದಳು. ಈಗ ಹುಡುಗ ಮಾತು ನಿಲ್ಲಿಸುತ್ತಲೇ ಇರಲಿಲ್ಲ. ಹರಕೆ ತೀರಿಸಲು ಬೀಗರೂ ಬರಬೇಕು ಎಂದು ಕರೆ ಬಂತು. ಅಂದಾನಪ್ಪ ತನ್ನ ಎಂದಿನ ಲೆಕ್ಕದಂತೆ ಹೋಗಿಬರುವುದಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸಿದ. ಟರ್ಬೊ ಇದೆಯಲ್ಲ ಎಂದು ಅದರಲ್ಲೂ ಸ್ವಲ್ಪ ಕಳೆದ. ಪೆಟ್ರೋಲಿನ ಮುಳ್ಳು ಎಂದೋ ಸತ್ತಿತ್ತು. ಅದರ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

ಯಲ್ಲಾಪುರದ ತನಕ ವಾಡಿಕೆಯಂತೆ ಬಸ್ಸಿನ ಬೆನ್ನಿಗೇ ಬಂದರು. ಮೊಮ್ಮಗನಿಗೆ ನೆಗಡಿಯಾಗಿದ್ದರಿಂದ ಸ್ಫೂರ್ತಿ ಮನೆಯಲ್ಲೇ ಉಳಿದಳು. ಗೌರಕ್ಕ ಹಿಂದಿನ ಸೀಟಿನಲ್ಲಿ ಗಂಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಬೀಗ್ರ, ನಿಮ್ಮ ಕಾರಿನಾಗ ಕುಂತ್ರ ನನಗ ಭಾಳ ಚಲೋ ನಿದ್ದಿ ಬರತೈತಿ. ಬಂದಾಗ ಎಬ್ಬಸ್ರಿ" ಎಂದು ಕಣ್ಣು ಮುಚ್ಚಿದಳು.

ಚಂದಗುಳಿಯ ದಾರಿಯಲ್ಲಿ ಮುಂದೆ ಒಂದು ಬಸ್ಸು ಸಿಕ್ಕಿತು. ಅಂದಾನಪ್ಪ ಹಿಂದೆ ಅಂಟಿಕೊಂಡ. ಆದರೆ ಆ ಬಸ್ಸು ಏರಿನಲ್ಲಿ ಬಹಳ ನಿಧಾನವಾಯಿತು. ಮುಂದಿನ ರಸ್ತೆ ನೆಟ್ಟಗೆ ಖಾಲಿಯಾಗಿ ಕಾಣುತ್ತಿತ್ತು. ಡ್ರೈವರ್ ಕೈ ಹೊರಗೆ ಹಾಕಿ, ಹೋಗು ಎಂದು ಸನ್ನೆ ಮಾಡಿದ. ಇಂಥ ಸನ್ನೆಯನ್ನು ಅಂದಾನಪ್ಪ ಬದುಕಿನಲ್ಲಿ ಎಂದೂ ಲೆಕ್ಕಕ್ಕೆ ತಗೊಂಡವನಲ್ಲ. ಆ ದಿನ ಯಾಕೋ ಕಾಲು ಒತ್ತಿತು.

ಮೊದಲು ಏನೂ ಆಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾರು ಯೋಚಿಸಿದಂತೆ ಕಂಡಿತು. ಆಮೇಲೆ ಗಿಣಿಮರಿ ಕಿರುಚಿತು; ಯಾರೋ ಹಿಂದಿನಿಂದ ಬೆನ್ನಿಗೆ ಕೈಕೊಟ್ಟು ನೂಕಿದಂತೆ ಕಾರು ಏರನ್ನು ನುಂಗುತ್ತ ಬಸ್ಸಿನ ಪಕ್ಕ, ಬಸ್ಸಿನ ಮುಂದೆ, ಬಸ್ಸು ಕನ್ನಡಿಯೊಳಗೆ. ಗೌರಕ್ಕನ ಮಡಿಲಿನ ಗಂಟೆ ಢಣಢಣ ಬಾರಿಸಿತು. ಗೀತಾ "ರೀ! ರೀ!" ಎಂದು ಡ್ಯಾಶ್‌ಬೋರ್ಡನ್ನು ಅಪ್ಪಿಕೊಂಡಳು.

"ದೇವಸ್ಥಾನ ಬಂತೇನು?" ಎಂದು ಗೌರಕ್ಕ ಗಾಬರಿಯಿಂದ ಎದ್ದು ಕೈಮುಗಿದಳು.

"ಇಲ್ರೀ ಬೀಗ್ತಿ. ಬಸ್ ದಾಟಿದ್ವಿ."

"ನೀವಾ?"

ಅಂದಾನಪ್ಪನ ಕಿವಿ ಕೆಂಪಾಗಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯೇ ಇರಬೇಕು ಎಂದುಕೊಂಡ, ಆದರೆ ಹೆದರಿದವನ ಕಾಲು ಇನ್ನೊಮ್ಮೆ ಒತ್ತುವುದಿಲ್ಲ. ಅದು ಒತ್ತಿತು. ತಿರುವಿನಲ್ಲಿ ನಿಧಾನ ಮಾಡಿ, ನೆಟ್ಟಗಿನ ದಾರಿ ಬಂದಾಗಲೆಲ್ಲ ಒತ್ತಿದ. ದಾಟಲು ಯಾರೂ ಇಲ್ಲದಾಗಲೂ ಒತ್ತಿದ. ಗೌರಕ್ಕ ಗಂಟೆಯ ನಾಲಿಗೆಯನ್ನು ಬಿಗಿಯಾಗಿ ಹಿಡಿದುಕೊಂಡು, "ಬೀಗ್ರ, ಹರಕಿ ಮುಟ್ಟೂತನ ನಾವು ಇರಬೇಕ್ರೀ!" ಎಂದು ಕೂಗಿದಳು. ಕೂಗಿದವಳು ಆಮೇಲೆ ನಗತೊಡಗಿದಳು.

ಗಂಟೆ ಕಟ್ಟಿದರು, ಪೂಜೆ ಆಯಿತು, ಹೊರಟರು. ವಾಪಸು ಬರುವಾಗ ಅಕ್ಕಪಕ್ಕ ಕಾಡಷ್ಟೇ ಇರುವ ಜಾಗದಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಅಂದಾನಪ್ಪ ಬಾನೆಟ್ ಎತ್ತಿದ, ಪೈಪುಗಳನ್ನು ಮುಟ್ಟಿ ನೋಡಿದ. ಎಲ್ಲವೂ ಸರಿಯಿತ್ತು. ಆಮೇಲೆ ಟ್ಯಾಂಕಿನ ಬಾಯಿಗೆ ಕಿವಿಯಿಟ್ಟು, ಕಾರನ್ನು ಅಲ್ಲಾಡಿಸಿ ಕೇಳಿದ. ಒಳಗೆ ಏನೂ ಕುಲುಕಲಿಲ್ಲ.

"ಏನಾಗೇತಿ?" ಎಂದಳು ಗೀತಾ.

"ಪೆಟ್ರೋಲ್ ತೀರೇತಿ."

ಅಂದಾನಪ್ಪನ ಬಾಯಿಂದ ಇಂಥ ಮಾತನ್ನು ಗೀತಾ ಹಿಂದೆಂದೂ ಕೇಳಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅದೇ ಬಸ್ಸು ಯಲ್ಲಾಪುರಕ್ಕೆ ವಾಪಸು ಹೊರಟು ಬಂತು. ಡ್ರೈವರ್ ಗುರುತು ಹಿಡಿದು ನಿಲ್ಲಿಸಿದ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಜೋರು ಹೋದೋರು ಇಲ್ಲೇ ಇದೀರಾ? ಬರೋರು ಬನ್ನಿ, ಜಾಗ ಉಂಟು" ಎಂದ. ಒಳಗಿದ್ದವರೆಲ್ಲ ಕಿಟಕಿಗೆ ಬಂದರು. ಗೌರಕ್ಕ ಮೊದಲು ಹತ್ತಿದಳು. ಗೀತಾಳನ್ನೂ ಕೈಹಿಡಿದು ಎಳೆದುಕೊಂಡಳು. ಕಾರಿನ ಹತ್ತಿರ ಒಬ್ಬರಾದರೂ ಇರಬೇಕಲ್ಲ ಎಂದು ಅಂದಾನಪ್ಪ ಉಳಿದ.

ಯಲ್ಲಾಪುರದಿಂದ ಬೈಕಿನಲ್ಲಿ ಪೆಟ್ರೋಲ್ ತಂದವನು ಅಳಿಯ ಪವನ್. ಅವನು ಬಂದಾಗ ಮಾವ ಕಲ್ಲಿನ ಮೇಲೆ ಕೂತಿದ್ದ. ಸಿಟ್ಟಿನಲ್ಲಿರಬಹುದು, ಬೇಜಾರಿನಲ್ಲಿರಬಹುದು ಎಂದು ಪವನ್ ಮೆಲ್ಲಗೆ ಹತ್ತಿರ ಹೋದ. ಅಂದಾನಪ್ಪ ಎದ್ದು ನಿಂತು, ಇಷ್ಟೇ ಕೇಳಿದ: "ಜಾಸ್ತಿ ತಂದೀಯೇನ್?"

ಅಂದು ಯಲ್ಲಾಪುರದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಗಂಡಹೆಂಡತಿ ಊರಿಗೆ ಹೊರಟರು. ಮಂಚಿಕೇರಿ ದಾಟಿದ ಮೇಲೆ ಅಂದಾನಪ್ಪನೇ ಬಾಯಿಬಿಟ್ಟ.

"ಹೊಗಿ ಹಾಳಾಗತೈತಿ ಅಂತ ಇದನ್ನ ಮಾಡಿದ್ನಿ. ಈಗ ಹೊಗಿ ದುಡಿದಷ್ಟೂ ಪೆಟ್ರೋಲ್ ಹೆಚ್ಚು ಬೇಡತೈತಿ. ವಿಶ್ವೇಶ್ವರ ಹೇಳಿದ್ದ. ಹೆಚ್ಚು ಗಾಳಿ ಕೊಟ್ರ ಹೆಚ್ಚು ಪೆಟ್ರೋಲ್ ಕೊಡಬೇಕು ಅಂತ. ನಾ ಕೇಳ್ಲಿಲ್ಲ."

"ಹಂಗಾದ್ರ ತಗಸ್ತೀರೇನು?"

ಅವನು ರಸ್ತೆಯನ್ನೇ ನೋಡುತ್ತಿದ್ದ. ಗೀತಾ ಅವನ ಮುಖ ನೋಡಿದಳು. ಮದುವೆಯ ಹೊಸದರಲ್ಲೂ ಆ ಮುಖದಲ್ಲಿ ಅಂಥ ಕಳೆ ಕಂಡದ್ದು ಅವಳಿಗೆ ನೆನಪಾಗಲಿಲ್ಲ.

"ಖರೇ ಹೇಳ್ರಿ. ನಿನ್ನೆ ಬಸ್ ದಾಟೂಮುಂದ ಹೆಂಗಾತು?"

"ಭಾಳ ಚಲೋ ಆತು" ಎಂದ ಅಂದಾನಪ್ಪ, ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ.

"ಹಂಗಾರ ಇರಲಿ ಬಿಡ್ರಿ. ಇಷ್ಟು ವರ್ಷದಾಗ ನೀವು ಒಂದರೆ ವಸ್ತು ಹಾಳು ಮಾಡಬೇಕಿತ್ತು. ಶಿರಸ್ಯಾಗ ಹೋಟೆಲ್ ಮುಂದ ನಿಲ್ಲಸ್ರಿ, ನನಗ ಮಸಾಲಿ ದ್ವಾಸಿ ಬೇಕು. ಅರ್ಧ ಹಂಚ್ಕೊಳ್ಳೂದಲ್ಲ ಮತ್ತ. ಒಬ್ಬೊಬ್ಬರಿಗೆ ಒಂದೊಂದು."

ಅವನು ನಿಲ್ಲಿಸಿದ. ಅವಳು ಎರಡನೆಯದನ್ನೂ ತರಿಸಿಕೊಂಡಳು.

ಟರ್ಬೊ ಇನ್ನೂ ಕಾರಿನಲ್ಲೇ ಇದೆ. ಮಳೆಗಾಲದಲ್ಲಿ ಒಮ್ಮೆ ಎಂಜಿನ್ನಿನ ಗ್ಯಾಸ್ಕೆಟ್ ಸುಟ್ಟಿತು. ವಿಶ್ವೇಶ್ವರ ಮುಟ್ಟುವುದಿಲ್ಲ ಎನ್ನುತ್ತಲೇ ಬದಲಾಯಿಸಿಕೊಟ್ಟ. ಸುದ್ದಿ ಹಬ್ಬಿ, ಆಗಾಗ ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಹೋದ ತಿಂಗಳು ಸಿದ್ದಾಪುರದಿಂದ ನಂದನ ಎಂಬ ಬ್ಯಾಂಕಿನ ಗುಮಾಸ್ತ ಬಂದಿದ್ದ. ತನ್ನ ಹಳೆಯ ಕಾರಿಗೂ ಇಂಥದೊಂದು ಮಾಡಿಸಬೇಕು, ಸಲಹೆ ಕೊಡಿ ಎಂದ. ಅಂದಾನಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಬುದ್ಧಿ ಹೇಳಿದ. ಎಂಜಿನ್ನಿನ ಆಯುಷ್ಯ ಕಡಿಮೆಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಕಾನೂನು ಒಪ್ಪುವುದಿಲ್ಲ, ಶೆಡ್ಡಿಗೆ ಬೆಂಕಿ ಬೀಳುತ್ತದೆ, ಹೆಂಡತಿ ಆಟೊದಲ್ಲಿ ಓಡಾಡತೊಡಗುತ್ತಾಳೆ. ಒಂದೊಂದನ್ನೂ ಬಿಡಿಸಿ ಹೇಳಿದ. ನಂದನನ ಮುಖ ಸಣ್ಣದಾಯಿತು.

"ಸರಿ, ನೀವು ಹೇಳೋದು ಖರೆ. ಬೇಡ ಬಿಡಿ" ಎಂದು ಅವನು ಎದ್ದ.

ಅಂದಾನಪ್ಪ ಜೇಬಿನಿಂದ ಕೀಲಿ ತೆಗೆದ.

"ಸಿದ್ದಾಪುರದಿಂದ ಇಷ್ಟು ದೂರ ಬಂದೀರಿ. ಬನವಾಸಿ ರಸ್ತಾ ಈಗ ಖಾಲಿ ಇರತೈತಿ. ಸುಮ್ನ ಒಂದ್ ಸುತ್ತು ಹೋಗಿ ಬರೂಣು, ಬರ್ರಿ."

ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿದ ಗೀತಾ ಚಹಾಕ್ಕೆ ನೀರಿಟ್ಟಳು. ಆಮೇಲೆ ಸುಭಾಷನಿಗೆ ಫೋನ್ ಮಾಡಿ, ಗಿರಾಕಿ ಬಂದಾರ, ಬಾ ಎಂದಳು.